ಗಂಡುಮಕ್ಕಳ ಶಾಲೆಯಲ್ಲಿ ಗುಂಡಿ ಹೊಲಿಯುವವರು ಯಾರು?

ಮಾನ್ಯ ಸಂಪಾದಕರೇ,

ಹುಡುಗರಿಗೆ ಮಾತ್ರ ಇರುವ ಖಾಸಗಿ ಶಾಲೆಗಳು ಈ ಕಾಲಕ್ಕೆ ಬೇಕಾ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ಕೆಲವು ದಿನಗಳಿಂದ ವಾದ ನಡೆದಿದೆ. ಒಬ್ಬರು, ಮುಚ್ಚಿ, ಇಲ್ಲವೇ ಹುಡುಗಿಯರನ್ನೂ ಸೇರಿಸಿ ಅಂದರು. ಇನ್ನೊಬ್ಬರು, ಹುಡುಗರಿಗೆ ಶಿಸ್ತು ಬರುವುದೇ ಅಲ್ಲಿ, ಅದರ ತಂಟೆಗೆ ಹೋಗಬೇಡಿ ಅಂದರು. ನಾನು ಬೆಂಗಳೂರು ಕಂಟೋನ್ಮೆಂಟ್ ಕಡೆಯ ಅಂಥದೊಂದು ಶಾಲೆಯಲ್ಲಿ ಕನ್ನಡ ಮಿಸ್ ಆಗಿದ್ದವಳು. ಒಂದರಿಂದ ನಾಲ್ಕನೇ ಕ್ಲಾಸಿನವರೆಗಿನ ಹುಡುಗರ ಜೊತೆಯಲ್ಲೇ ಕೂದಲು ಬೆಳ್ಳಗಾಯಿತು. ಈ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಅಂಥ ಶಾಲೆಯಲ್ಲಿ ಕೆಲಸ ಮಾಡುವವರು ಯಾರು? ಪಾಠ ಮಾಡುವವರ ಬಗ್ಗೆ ಕೇಳುತ್ತಿಲ್ಲ. ಗುಡಿಸುವವರು, ಬಡಿಸುವವರು, ರಂಗೋಲಿ ಹಾಕುವವರು, ಕಿತ್ತ ಗುಂಡಿ ಹೊಲಿಯುವವರು ಯಾರು ಅಂತ ಕೇಳುತ್ತಿದ್ದೇನೆ.

ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿ ಹಾಕಲೇಬೇಕು ಅಂದರೆ ಗುಂಡಿಯ ವಿಷಯ ಒಂದು ಬಿಟ್ಟು ಬೇರೇನಾದರೂ ತೆಗೆಯಿರಿ.

ಈ ಶಾಲೆಗಳ ಹಿನ್ನೆಲೆ ಬಹಳ ಜನಕ್ಕೆ ಗೊತ್ತೇ ಇದೆ. ಸೇಂಟ್ ಜೋಸೆಫ್ಸ್ 1858ರದು, ಬಿಷಪ್ ಕಾಟನ್ 1865ರದು, ಬಾಲ್ಡ್‌ವಿನ್ 1880ರದು. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ 1953ರದು. ಒಂದೊಂದರ ಹಿಂದೆ ಒಂದೊಂದು ಕಾರಣ. ಕೆಲವು ಪಾದ್ರಿಗಳು ಕಟ್ಟಿದ್ದು, ಇನ್ನು ಕೆಲವು ಸನ್ಯಾಸಿಗಳು ಕಟ್ಟಿದ್ದು. ಕಾಟನ್‌ನವರು ಜನರಲ್ ತಿಮ್ಮಯ್ಯನವರ ಹೆಸರು ಹೇಳುತ್ತಾರೆ, ಜೋಸೆಫ್ಸ್‌ನವರು ರಾಹುಲ್ ದ್ರಾವಿಡ್ ಹೆಸರು ಹೇಳುತ್ತಾರೆ. ಹೇಳಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಆರು ವರ್ಷದ ಹುಡುಗನನ್ನು ಕೈ ಹಿಡಿದು ತರುವ ಅಪ್ಪ ಅಮ್ಮ, ಜನರಲ್ ಆಗುವುದು ಆಮೇಲಿನ ಮಾತು, ಮೊದಲು ಅವನ ಶೂ ಲೇಸ್ ಯಾರು ಕಟ್ಟುತ್ತಾರೆ ಅಂತ ಕೇಳಬೇಕು.

ನಾನು ಸೇರಿದ ಕಾಲಕ್ಕೆ ಉತ್ತರ ಸುಲಭವಾಗಿತ್ತು. ಪಕ್ಕದಲ್ಲಿ ಕೂತ ಹುಡುಗ ಕಟ್ಟುತ್ತಿದ್ದ.

ನಮ್ಮ ಶಾಲೆಯಲ್ಲಿ ಆಗ ಒಬ್ಬರು ಕ್ರಾಫ್ಟ್ ಮಿಸ್ ಇದ್ದರು. ಆಂಗ್ಲೋ ಇಂಡಿಯನ್ ಹೆಂಗಸು, ಮೊಣಕಾಲಿನ ಕೆಳಗೆ ಬರುವ ಫ್ರಾಕು, ದಪ್ಪ ಕನ್ನಡಕ. ಕನ್ನಡ ಬರುತ್ತಿದ್ದದ್ದು ಬೈಯುವಷ್ಟು ಮಾತ್ರ. ಅವರದು ಒಂದೇ ಕಾನೂನು. ಆಟದಲ್ಲಿ ಯಾರು ಯಾರ ಗುಂಡಿ ಕಿತ್ತರೋ, ಕಿತ್ತವನೇ ಹೊಲಿದು ಕೊಡಬೇಕು. ಹುಡುಗರ ಶಾಲೆ ಅಂದಮೇಲೆ ಊಟದ ಬಿಡುವಿನಲ್ಲಿ ಕಬಡ್ಡಿ, ಕುಸ್ತಿ ಇದ್ದದ್ದೇ. ಬೆಲ್ ಆದಮೇಲೆ ದಿನಾ ಇಬ್ಬರು ಮೂವರು ಬನಿಯನ್‌ನಲ್ಲಿ ನಿಂತಿರುತ್ತಿದ್ದರು. ಅವರ ಶರ್ಟು ಬೇರೆಯವನ ತೊಡೆಯ ಮೇಲೆ. ಅವನು ದಾರದ ತುದಿಗೆ ಎಂಜಲು ಹಚ್ಚಿ, ಒಂದು ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿ ಸೂಜಿಗೆ ಪೋಣಿಸುತ್ತಿದ್ದ. ನಾಲ್ಕು ತೂತಿನ ಗುಂಡಿಗೆ ಅಡ್ಡ ಎರಡು ಸಲ, ಉದ್ದ ಎರಡು ಸಲ, ಕೊನೆಗೆ ಗುಂಡಿಯ ಬುಡಕ್ಕೆ ಮೂರು ಸುತ್ತು, ಹಿಂದೆ ಒಂದು ಗಂಟು. ಒಬ್ಬ ಮಹಾರಾಯ ಶರ್ಟಿನ ಮುಂದಿನ ಭಾಗ, ಹಿಂದಿನ ಭಾಗ ಎರಡನ್ನೂ ಸೇರಿಸಿ ಹೊಲಿದುಬಿಟ್ಟ. ಶರ್ಟಿನವನು ತಲೆ ತೂರಿಸಿ, ಕೈ ತೂರಿಸಿ, ಒಳಗೇ ಸಿಕ್ಕಿಕೊಂಡು ಕೂಗಾಡಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಿಸ್ ನಗಲಿಲ್ಲ. ಬಿಚ್ಚು, ಮತ್ತೆ ಹೊಲಿ ಅಂದರು.

ಅಲ್ಲಿ ಯಾರೂ ಹೊಲಿಗೆ ಹೆಂಗಸರ ಕೆಲಸ ಅನ್ನಲಿಲ್ಲ. ಅನ್ನುವುದಕ್ಕೆ ಅಲ್ಲಿ ಹುಡುಗಿಯೇ ಇರಲಿಲ್ಲವಲ್ಲ! ನನ್ನ ಇಡೀ ವಾದ ಇಷ್ಟೇ. ಹುಡುಗಿಯರಿಲ್ಲದ ಶಾಲೆಯಲ್ಲಿ ಹುಡುಗಿಯರ ಕೆಲಸ ಅಂತ ಒಂದು ಇರಲು ಸಾಧ್ಯವಿಲ್ಲ. ಇರುವ ಕೆಲಸವನ್ನೆಲ್ಲ ಇರುವವರೇ ಮಾಡಬೇಕು. ಹುಡುಗರ ಶಾಲೆಯಿಂದ ಏನಾದರೂ ದೊಡ್ಡ ಲಾಭ ಇದ್ದರೆ ಅದು ಇದೇ. ಶಿಸ್ತು, ಬ್ಯಾಂಡು, ಬ್ಲೇಜರ್ ಎಲ್ಲ ಆಮೇಲೆ.

ರಾಜ್ಯೋತ್ಸವದ ಹಿಂದಿನ ದಿನ ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದವರು ನಾಲ್ಕನೇ ಕ್ಲಾಸಿನವರು. ಹುಡುಗರ ರಂಗೋಲಿ ಹೇಗಿರುತ್ತದೆ ಅಂತ ಕೇಳುತ್ತೀರಾ? ಮೊದಲ ವರ್ಷ ಎಳೆ ಹಗ್ಗದಷ್ಟು ದಪ್ಪ, ಪುಡಿ ಅರ್ಧ ಕೂದಲಿನಲ್ಲಿ. ಆದರೆ ಚುಕ್ಕಿ ಇಡುವ ಲೆಕ್ಕ ಅವರಿಗೆ ಬೇಗ ಹಿಡಿಸುತ್ತದೆ. ಏಳರಿಂದ ನಾಲ್ಕು, ಹದಿನೈದರಿಂದ ಎಂಟು, ಮಧ್ಯ ಚುಕ್ಕಿ, ನೇರ ಚುಕ್ಕಿ. ಒಬ್ಬ ಅಜ್ಜಿಯಿಂದ ಹೊಸದೊಂದು ಕಲಿತು ಬಂದರೆ ಮಿಕ್ಕವರಿಗೆ ಹೊಟ್ಟೆಕಿಚ್ಚು. ಬೆರಳ ಸಂದಿಯಲ್ಲಿ ಪುಡಿ ಒಂದೇ ಸಮನೆ ಬಿಡುವುದು ಕಲಿತ ಹುಡುಗನ ಅಕ್ಷರವೂ ಸುಧಾರಿಸಿದ್ದನ್ನು ನಾನು ಕಾಪಿ ಪುಸ್ತಕದಲ್ಲಿ ನೋಡಿದ್ದೇನೆ. ಇದಕ್ಕೆ ಸಂಶೋಧನೆ ಇದೆಯಾ ಅಂತ ಕೇಳಬೇಡಿ. ನನ್ನ ಕಣ್ಣಿದೆ.

ಅಕ್ಷರದ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಆರು ಏಳು ವರ್ಷಕ್ಕೆ ತುಂಬಾ ಹುಡುಗರಿಗೆ ಪೆನ್ಸಿಲ್ ಇನ್ನೂ ಕೈಗೆ ಹತ್ತಿರುವುದಿಲ್ಲ. ‘ಋ’ ಬರೆಯಲು ಕೊಟ್ಟರೆ ಅರ್ಧ ಪುಟ ತೆಗೆದುಕೊಳ್ಳುತ್ತಾರೆ. ಒತ್ತಕ್ಷರ ಬಂದರೆ ಮುಂದಿನ ಸಾಲಿಗೆ ಇಳಿಯುತ್ತದೆ. ಹುಡುಗ ಹುಡುಗಿ ಕೂಡಿ ಓದುವ ಕ್ಲಾಸಿನಲ್ಲಿ ಇಂಥವನಿಗೆ ದಿನಾ ಒಂದು ಮಾತು ಕಾದಿರುತ್ತದೆ. ಅವಳ ಪುಸ್ತಕ ನೋಡು, ಎಷ್ಟು ಚೆನ್ನಾಗಿದೆ, ನಿಂದು ನೋಡು. ನಮ್ಮಲ್ಲಿ ಈ ಹೋಲಿಕೆ ಇರಲಿಲ್ಲ. ಅವನ ಪುಸ್ತಕದಂತೆಯೇ ಪಕ್ಕದವನದೂ ಇರುತ್ತಿತ್ತು. ನಿಧಾನವಾಗಿ, ಮೂರನೇ ಕ್ಲಾಸಿನ ಹೊತ್ತಿಗೆ ಎಲ್ಲರದೂ ದಾರಿಗೆ ಬರುತ್ತಿತ್ತು. ನಮಗೆ ಓದು ಹತ್ತುವುದಿಲ್ಲ ಅಂತ ಏಳು ವರ್ಷಕ್ಕೇ ತೀರ್ಮಾನ ಮಾಡಿಕೊಂಡ ಹುಡುಗರು ನಮ್ಮಲ್ಲಿ ಕಡಿಮೆ. 2025ರ ಎಸ್ಎಸ್ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಹುಡುಗಿಯರು ನೂರಕ್ಕೆ 74 ಮಂದಿ ಪಾಸಾದರೆ ಹುಡುಗರು 58 ಮಂದಿ. ಫಲಿತಾಂಶ ಬಂದಾಗಲೆಲ್ಲ ‘ಬಾಲಕಿಯರೇ ಮೇಲುಗೈ’ ಅಂತ ನೀವು ತಲೆಬರಹ ಹಾಕುತ್ತೀರಿ. ಹುಡುಗರು ಯಾವ ಕ್ಲಾಸಿನಲ್ಲಿ ಕೈಬಿಟ್ಟರು ಅಂತಲೂ ಒಮ್ಮೆ ವಿಚಾರಿಸಿ. ಹತ್ತನೇ ಕ್ಲಾಸಿನಲ್ಲಂತೂ ಅಲ್ಲ, ಅದಕ್ಕಿಂತ ಬಹಳ ಮುಂಚೆಯೇ.

ಇನ್ನು ನಾಟಕ. ಒಂದು ವರ್ಷ ಮೂರನೇ ಕ್ಲಾಸಿಗೆ ಒನಕೆ ಓಬವ್ವನ ನಾಟಕ ಮಾಡಿಸಿದೆ. ಬೇರೆ ಶಾಲೆಯಾಗಿದ್ದರೆ ಓಬವ್ವನ ಪಾತ್ರ ಒಬ್ಬ ಹುಡುಗಿಗೆ ಹೋಗುತ್ತಿತ್ತು, ಹುಡುಗರೆಲ್ಲ ಹೈದರಾಲಿಯ ಸೈನಿಕರಾಗಿ ಕಿಂಡಿಯಲ್ಲಿ ತೂರಿ ಬಂದು ಸಾಯುತ್ತಿದ್ದರು. ನಮ್ಮಲ್ಲಿ ಓಬವ್ವ ಆಗಲು ಜಗಳವೇ ಆಯಿತು. ಒನಕೆ ಇರುವುದು ಅವಳ ಕೈಯಲ್ಲಿ ತಾನೇ! ಕೊನೆಗೆ ಜೋರಾಗಿ ಮಾತಾಡಬಲ್ಲ ಒಬ್ಬನಿಗೆ ಕೊಟ್ಟೆ. ಮನೆಮಾತು ಉರ್ದು, ಕನ್ನಡ ಶಾಲೆಯಲ್ಲೇ ಕಲಿತದ್ದು. ಅವನ ತಾಯಿ ತಮ್ಮ ಹಸಿರು ಸೀರೆ ಕಳಿಸಿಕೊಟ್ಟರು. ನಾನೇ ಕಚ್ಚೆ ಹಾಕಿ ಉಡಿಸಿದೆ.

ರಿಹರ್ಸಲ್ ನಡೆಯುವಾಗ, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಮನೆಯಲ್ಲಿ ನೀರಿಲ್ಲ, ಓಬವ್ವ ಕೊಡ ಹಿಡಿದು ಹೊರಟಳು ಅಂತ ವಿವರಿಸುತ್ತಿದ್ದೆ. ಸೈನಿಕರ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ಮಿಸ್, ಅವರ ಗಂಡ ತಾನೇ ಹೋಗಿ ನೀರು ತರಬಹುದಿತ್ತಲ್ವಾ?”

ನನಗೆ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಪಕ್ಕದಲ್ಲಿದ್ದವನು ಹೇಳಿದ: “ತಂದಿದ್ರೆ ಕೋಟೆ ಹೋಗ್ತಿತ್ತು ಕಣೋ.”

ಗಂಡ ನೀರು ತರಬಹುದಿತ್ತು ಅನ್ನುವ ಪ್ರಶ್ನೆ ಎಂಟು ವರ್ಷದ ಹುಡುಗನಿಗೆ ಹೊಳೆದದ್ದು ಯಾಕೆ? ನನಗೆ ಅನ್ನಿಸುವುದು ಇಷ್ಟು. ಕ್ಲಾಸಿನ ನೀರಿನ ಕ್ಯಾನ್ ಸರದಿಯ ಮೇಲೆ ತುಂಬಿಸಿ ತರುತ್ತಿದ್ದವರು ಇವರೇ. ಆ ವಾರ ಅವನ ಸರದಿ.

ಹಾಗಂತ ನಮ್ಮ ಶಾಲೆ ಸ್ವರ್ಗ ಆಗಿತ್ತು ಅಂತಲ್ಲ. ಅಳುವ ಮಗುವಿಗೆ ‘ಹುಡುಗಿ ಥರ ಅಳ್ತೀಯಲ್ಲೋ’ ಅನ್ನುವ ಪಿ.ಟಿ. ಮಾಸ್ತರು ಇದ್ದರು. ಮೆತ್ತಗಿನ ಹುಡುಗರಿಗೆ ಅಡ್ಡಹೆಸರು ಇಟ್ಟು ಹಿಂಡುವವರು ಇದ್ದರು. ಕೆಲವು ಅಡ್ಡಹೆಸರು ಇಲ್ಲಿ ಬರೆಯುವಂಥವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಆಗುವಂತೆ ನಡೆದುಕೊಳ್ಳುವಂತಿಲ್ಲ ಅಂದ ಮೇಲೂ ಬೆತ್ತ ಬೀರುವಿನಿಂದ ಪೂರ್ತಿ ಹೋಗಲು ಕಾಲ ಹಿಡಿಯಿತು. ಗಂಡಸಾಗಬೇಕಾದರೆ ಗಟ್ಟಿಯಾಗಬೇಕು ಅನ್ನುವ ಹಳೇ ಹುಚ್ಚು ಈ ಶಾಲೆಗಳಿಗೆ ಮೊದಲಿಂದ ಅಂಟಿಕೊಂಡದ್ದು. ಆ ಪತ್ರದವರು ‘ಶಿಸ್ತು’ ಅಂತ ಹೊಗಳಿದ್ದು ಇದನ್ನೇ ಆದರೆ ನನ್ನ ಒಪ್ಪಿಗೆ ಇಲ್ಲ.

ಈಗ ಏನಾಗಿದೆ ನೋಡಿ. ನಾನು ಬಿಡುವ ಕೆಲವು ವರ್ಷ ಮೊದಲೇ ಕ್ರಾಫ್ಟ್ ಪೀರಿಯಡ್ ಹೋಗಿ ಕೋಡಿಂಗ್ ಬಂತು. ಕ್ರಾಫ್ಟ್ ಮಿಸ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಸೂಜಿಗಳ ಡಬ್ಬಿಯನ್ನು ‘ಮಕ್ಕಳ ಸುರಕ್ಷತೆ’ ಅಂತ ಆಫೀಸಿಗೆ ತೆಗೆದುಕೊಂಡು ಹೋದರು. ದೊಡ್ಡ ಕ್ಲಾಸುಗಳಿಗೆ ಐಸಿಎಸ್ಇ ಬೋರ್ಡಿನಲ್ಲಿ ಎಸ್‌ಯುಪಿಡಬ್ಲ್ಯೂ ಅಂತ ಒಂದು ವಿಷಯ ಇದೆ. ಕೈಕೆಲಸ, ಸಮಾಜಸೇವೆ ಅಂತೆಲ್ಲ ಮಾಡಬೇಕು, ಅದಕ್ಕೆ ಶಾಲೆಯೇ ಗ್ರೇಡ್ ಕೊಡಬೇಕು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ, ಕೈಕೆಲಸದ ಮೂಲಕ ಕಲಿಯುವ ಶಿಕ್ಷಣದ ಮೊಮ್ಮಗು ಅದು. ಈಗ ಪುಟ್ಟ ಫೈಲೊಂದನ್ನು ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಕೊಂಡು ತಂದುಕೊಡುವುದರಲ್ಲಿ ಮುಗಿಯುತ್ತದೆ. ಅಮ್ಮಂದಿರು ರಾತ್ರಿ ಕೂತು ಅಂಟಿಸುತ್ತಾರೆ.

ವಾರ್ಷಿಕೋತ್ಸವಕ್ಕೆ ಈವೆಂಟ್ ಕಂಪನಿಯವರು ಬರುತ್ತಾರೆ. ಕೊರಿಯೋಗ್ರಾಫರ್, ಎಲ್ಇಡಿ ಪರದೆ, ಮೊದಲೇ ರೆಕಾರ್ಡ್ ಮಾಡಿದ ಡೈಲಾಗು. ಮಕ್ಕಳು ಬಾಯಿ ಆಡಿಸಿದರೆ ಆಯಿತು. ಅಂಗಳದ ರಂಗೋಲಿ ಈಗ ಸ್ಟಿಕ್ಕರ್. ಕ್ಲಾಸು ಗುಡಿಸುವವರು, ನೀರು ತರುವವರು, ಚೆಲ್ಲಿದ ಸಾಂಬಾರು ಒರೆಸುವವರು ಗುತ್ತಿಗೆ ಮೇಲೆ ಬಂದ ಆಯಾಗಳು. ಎಲ್ಲರೂ ಹೆಂಗಸರು. ಪ್ರೈಮರಿಯಲ್ಲಿ ಪಾಠ ಮಾಡುವವರೂ ಬಹುಪಾಲು ಹೆಂಗಸರು. ಮನೆಯಲ್ಲಿ ಟಿಫನ್ ಡಬ್ಬಿ ಕಟ್ಟುವವರು ಅಮ್ಮ. ಲೆಕ್ಕ ಹಾಕಿ ನೋಡಿ. ಹುಡುಗಿಯರು ಒಬ್ಬರೂ ಇಲ್ಲದ ಶಾಲೆಯಲ್ಲಿ ಹುಡುಗರು ಬೆಳಗಿನಿಂದ ಸಂಜೆವರೆಗೆ ನೋಡುವುದು ಏನು? ಗಂಡುಮಕ್ಕಳು ಕೂತಿರುತ್ತಾರೆ, ಹೆಂಗಸರು ಕೆಲಸ ಮಾಡುತ್ತಾರೆ. ಮೊದಲಿದ್ದ ಲಾಭ ಹೋಯಿತು, ಅದರ ಜಾಗದಲ್ಲಿ ತಿರುಗಾಮುರುಗಾ ಪಾಠ ಬಂತು.

ಇದರಲ್ಲಿ ಆಡಳಿತ ಮಂಡಳಿಯದಷ್ಟೇ ತಪ್ಪಿಲ್ಲ. ಒಂದು ದಿನ ಎರಡನೇ ಕ್ಲಾಸಿನ ಹುಡುಗ ಪೆನ್ಸಿಲ್ ಕೆತ್ತಿದ ಚೂರುಗಳನ್ನು ಪೊರಕೆಯಲ್ಲಿ ಗುಡಿಸಿದ. ಅವನೇ ಕೆತ್ತಿದ್ದು, ಅವನೇ ಗುಡಿಸಿದ, ಅಷ್ಟೇ. ಯಾರೋ ಫೋಟೋ ತೆಗೆದರು. ಸಂಜೆ ಅಷ್ಟೊತ್ತಿಗೆ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡ ರಂಪ. ಇಷ್ಟು ಲಕ್ಷ ಫೀಸು ಕಟ್ಟಿ ಮಗನ ಕೈಯಲ್ಲಿ ಕಸ ಗುಡಿಸಿಸಬೇಕಾ ಅಂತ. ಮರುದಿನ ಪ್ರಿನ್ಸಿಪಾಲರು ಟೀಚರುಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿದರು. ಮಕ್ಕಳು ಪೊರಕೆ ಮುಟ್ಟುವಂತಿಲ್ಲ.

ಪೋಷಕರ ಭಯ ಎಲ್ಲಿಂದ ಬಂತು ಅಂತಲೂ ಗೊತ್ತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿ ನಾನೂ ಆ ದಿನ ಊಟ ಮಾಡಲಿಲ್ಲ. ಅದು ಅಪರಾಧ. ಅದಕ್ಕೆ ಜೈಲೇ ಸರಿ. ಬಡವರ ಮಕ್ಕಳಿಂದ ಕೆಲಸ ಮಾಡಿಸಿಕೊಳ್ಳುವುದಕ್ಕೂ ತಾನು ಚೆಲ್ಲಿದ್ದನ್ನು ತಾನೇ ಒರೆಸುವುದಕ್ಕೂ ವ್ಯತ್ಯಾಸ ಇಲ್ವಾ? ಯಾವ ಕೆಲಸ, ಯಾರ ಸರದಿ, ಜಾತಿ ನೋಡದೆ ಎಲ್ಲರಿಗೂ ಬರುತ್ತದಾ, ಟೀಚರ ಮಗನಿಗೂ ಬರುತ್ತದಾ. ಇಷ್ಟು ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಶೌಚಾಲಯದ ಕೆಲಸ ಮಕ್ಕಳಿಗೆ ಬೇಡವೇ ಬೇಡ. ಪೆನ್ಸಿಲ್ ಚೂರಿಗೆ ಆಯಾ ಯಾಕೆ?

ಹುಡುಗಿಯರನ್ನು ಸೇರಿಸಿ ಅನ್ನುವವರಿಗೆ ನನ್ನ ವಿರೋಧ ಇಲ್ಲ. ವಿಜಯಪುರದ ಸೈನಿಕ ಶಾಲೆ 1963ರಿಂದ ಹುಡುಗರದೇ ಆಗಿತ್ತು. 2021ರಲ್ಲಿ ದೇಶದ ಎಲ್ಲ ಸೈನಿಕ ಶಾಲೆಗಳ ಬಾಗಿಲು ಹುಡುಗಿಯರಿಗೂ ತೆರೆಯಿತು. ಬಹಳ ಒಳ್ಳೆಯದಾಯಿತು, ಇನ್ನೂ ಮೊದಲೇ ಆಗಬೇಕಿತ್ತು. ಕೇರಳದಲ್ಲಿ 2022ರಲ್ಲಿ ಅಲ್ಲಿನ ಮಕ್ಕಳ ಹಕ್ಕುಗಳ ಆಯೋಗ, ಹುಡುಗರಿಗೆ ಬೇರೆ ಹುಡುಗಿಯರಿಗೆ ಬೇರೆ ಶಾಲೆ ಬೇಡ, ಎಲ್ಲ ಒಟ್ಟಾಗಲಿ ಅಂತ ಆದೇಶ ಮಾಡಿತು. ಸರಿ. ಆದರೆ ಸೇರಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ಯಾವುದಾದರೂ ಕೂಡು ಶಾಲೆಗೆ ಆಗಸ್ಟ್ 14ರ ಮಧ್ಯಾಹ್ನ ಹೋಗಿ ನೋಡಿ. ರಂಗೋಲಿ ಹುಡುಗಿಯರದು, ಬೆಂಚು ಹೊರುವುದು ಹುಡುಗರದು. ಅತಿಥಿಗಳಿಗೆ ಆರತಿ, ಹೂವು, ಸ್ವಾಗತಗೀತೆ ಹುಡುಗಿಯರದು, ಕಂಬ ಹತ್ತಿ ಬಂಟಿಂಗ್ ಕಟ್ಟುವುದು ಹುಡುಗರದು. ಯಾರೂ ಹೇಳಿಕೊಡಬೇಕಿಲ್ಲ. ತಾವಾಗಿಯೇ ಎರಡು ಗುಂಪಾಗುತ್ತಾರೆ. ನನ್ನ ಅಕ್ಕನ ಮಗಳು ಅಂಥ ಶಾಲೆಯಲ್ಲಿ ಟೀಚರ್. ಈ ಬಾರಿ ಉಲ್ಟಾ ಮಾಡಿಸು ಅಂದೆ. ಮಾಡಿಸಿದಳು. ಹುಡುಗಿಯರು ಬೆಂಚು ಹೊತ್ತರಂತೆ. ಹುಡುಗರು ಚುಕ್ಕಿ ಇಡಲು ಬಾರದೆ ಪಿಳಿಪಿಳಿ ನೋಡುತ್ತಾ ನಿಂತರಂತೆ.

ಅದೇ ಕೇರಳದವರು 2024ರಲ್ಲಿ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಅಪ್ಪನ ಚಿತ್ರ ಹಾಕಿದರು. ಚೆನ್ನಾಗಿದೆ. ಆದರೆ ಚಿತ್ರ ನೋಡಿದರೆ ಕಾಯಿ ತುರಿಯಲು ಬರುವುದಿಲ್ಲ ನೋಡಿ. ನಮ್ಮಲ್ಲಿ ವರ್ಷಕ್ಕೊಮ್ಮೆ ಒಲೆ ಹಚ್ಚದ ಅಡುಗೆ ದಿನ ಇತ್ತು. ಕೋಸಂಬರಿ, ಚುರುಮುರಿ, ಪಾನಕ. ಹೆಸರುಬೇಳೆ ರಾತ್ರಿಯೇ ನೆನೆಸಬೇಕು ಅಂತ ಹೇಳಿ ಕಳಿಸಿದರೆ ಅರ್ಧ ಜನ ಮರೆತು ಬರುತ್ತಿದ್ದರು. ಬೇಳೆ ಕಟಕಟ ಅನ್ನುತ್ತಿತ್ತು. ಅದನ್ನೇ ತಿನ್ನಬೇಕಾಗುತ್ತಿತ್ತು. ಮುಂದಿನ ವರ್ಷ ಯಾರೂ ಮರೆಯುತ್ತಿರಲಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಅಂಕಿ ನಿಮ್ಮ ಪತ್ರಿಕೆಯಲ್ಲೂ ಬಂದಿರಬೇಕು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದರಲ್ಲೂ ಇದು ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಏನೂ ಮಾಡದ ಗಂಡಸರು ಈ 88ರ ಲೆಕ್ಕಕ್ಕೆ ಬಂದೇ ಇಲ್ಲ. ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಸೇರಿಸಿ ಮಾಡಿದ ಸಮೀಕ್ಷೆ ಇದು. ಆರು ವರ್ಷ ಅಂದರೆ ಒಂದನೇ ಕ್ಲಾಸು, ನನ್ನ ಕ್ಲಾಸು.

ಈಗ ಅಡ್ಮಿಷನ್ ಕಾಲ. ಅರ್ಜಿಗಾಗಿ ಕ್ಯೂ ನಿಲ್ಲುವ ಅಪ್ಪ ಅಮ್ಮಂದಿರು ಈಜುಕೊಳ ಇದೆಯಾ, ಸ್ಮಾರ್ಟ್ ಬೋರ್ಡ್ ಇದೆಯಾ ಅಂತ ಕೇಳಿ ತೃಪ್ತರಾಗುತ್ತಾರೆ. ಜೊತೆಗೆ ಇದನ್ನೂ ಕೇಳಿ ಅಂತ ನನ್ನ ಕೋರಿಕೆ. ಮಗು ಊಟ ಚೆಲ್ಲಿದರೆ ಒರೆಸುವವರು ಯಾರು? ವಾರ್ಷಿಕೋತ್ಸವದ ಬಟ್ಟೆ, ರಂಗಸಜ್ಜಿಕೆ ಯಾರ ಕೈಕೆಲಸ? ನಾಟಕದಲ್ಲಿ ಹೆಣ್ಣು ಪಾತ್ರ ಇದೆಯಾ, ಇದ್ದರೆ ಅದು ನಗಿಸುವುದಕ್ಕಾ ಅಥವಾ ನಿಜವಾದ ಪಾತ್ರವಾ? ನಮ್ಮ ಯಕ್ಷಗಾನದಲ್ಲಿ ಮಂಟಪ ಪ್ರಭಾಕರ ಉಪಾಧ್ಯರಂಥವರು ಸ್ತ್ರೀವೇಷ ಹಾಕಿ ರಂಗಕ್ಕೆ ಬಂದರೆ ಜನ ನಗುವುದಿಲ್ಲ, ಉಸಿರು ಬಿಗಿಹಿಡಿದು ನೋಡುತ್ತಾರೆ. ಶಾಲೆಯಲ್ಲಿ ಹುಡುಗ ಸೀರೆ ಉಟ್ಟರೆ ಮಾತ್ರ ಸಿಳ್ಳೆ ಯಾಕೆ? ಉತ್ತರ ಕೊಡಲು ಪ್ರಿನ್ಸಿಪಾಲರು ತಡಬಡಾಯಿಸಿದರೆ ಆ ಶಾಲೆಯಲ್ಲಿ ಹುಡುಗಿಯರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಆಡಳಿತದವರಿಗೆ ನಾನು ಕೇಳುವುದು ಕಡಿಮೆ ಖರ್ಚಿನದು. ನಾಲ್ಕನೇ ಕ್ಲಾಸಿನವರೆಗೆ ವಾರಕ್ಕೆ ಎರಡು ಕ್ರಾಫ್ಟ್ ಪೀರಿಯಡ್, ಸೂಜಿಗಳ ಡಬ್ಬಿ ಒಂದು, ತರಗತಿಗೊಂದು ಪೊರಕೆ, ಗೋಡೆ ಮೇಲೆ ಸರದಿಯ ಪಟ್ಟಿ. ಎಲ್ಇಡಿ ಪರದೆ ಒಂದು ವರ್ಷ ಬೇಡ ಅಂದರೆ ಇಷ್ಟಕ್ಕೂ ದುಡ್ಡು ಮಿಗುತ್ತದೆ.

ನಾನಿದ್ದ ಶಾಲೆಗೂ ಇದನ್ನೇ ಬರೆದುಕೊಟ್ಟಿದ್ದೇನೆ. ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂದಿದೆ. ಹೊಲಿಗೆ ಕಲಿಸುವವರು ಯಾರೂ ಸಿಗದಿದ್ದರೆ ವಾರಕ್ಕೆ ಎರಡು ದಿನ ನಾನೇ ಬರುತ್ತೇನೆ, ಸಂಬಳ ಬೇಡ ಅಂತಲೂ ಸೇರಿಸಿದ್ದೇನೆ. ಬಸ್ಸಿನಲ್ಲಂತೂ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಲಿಂಗರಾಜಪುರ, ಬೆಂಗಳೂರು

(ಹೆಸರು ದಯವಿಟ್ಟು ಪ್ರಕಟಿಸಬೇಡಿ. ಹಾಕಿದರೆ ಶಾಲೆ ಯಾವುದು ಅಂತ ಹಳೇ ಹುಡುಗರಿಗೆಲ್ಲ ಗೊತ್ತಾಗುತ್ತದೆ. ಶರ್ಟು ಸೇರಿಸಿ ಹೊಲಿದವನಿಗಂತೂ ಈಗಾಗಲೇ ಗೊತ್ತಾಗಿರುತ್ತದೆ.)